ತಾತ್ಕಾಲಿಕ ಏಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಲಿಫ್ಟಿನಿಂದ ಇಳಿದು ಎಡಕ್ಕೆ ತಿರುಗಿ, ಬಟ್ಟೆ ಒಗೆಯುವ ಕೋಣೆಯನ್ನು ದಾಟಿದರೆ ಒಂದು ಬೂದುಬಣ್ಣದ ಬಾಗಿಲು ಸಿಗುತ್ತಿತ್ತು. ಬಾಗಿಲ ಮೇಲೆ ಹೆಸರಿನ ಫಲಕ ಇರಲಿಲ್ಲ. ಒಳಗೆ ಕಾಲಿಟ್ಟವರಿಗೆ ಮೊದಲು ತಾಗುತ್ತಿದ್ದುದು ಚಳಿ, ಆಮೇಲೆ ಸದ್ದು. ಎಲ್ಲೋ ದೂರದಲ್ಲಿ ಒಂದೇ ಸಮನೆ ನೀರು ಸುರಿಯುತ್ತಿರುವಂಥ ಸದ್ದು. ಹತ್ತು ನಿಮಿಷ ಕೂತರೆ ಆ ಸದ್ದು ಕೇಳುವುದು ನಿಂತುಹೋಗುತ್ತಿತ್ತು. ಅರ್ಧ ಗಂಟೆ ಕೂತರೆ ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಅನ್ನುವುದೂ ಮರೆತುಹೋಗುತ್ತಿತ್ತು. ಅವಳು ಆ ಕೋಣೆಯಲ್ಲಿ ಹದಿನೇಳು ವರ್ಷ ಕೂತಿದ್ದಳು.

ಅವಳನ್ನು ಎಲ್ಲರೂ ಉಗ್ರಾಣದಕ್ಕ ಅನ್ನುತ್ತಿದ್ದರು. ಆ ಹೆಸರು ಬಂದದ್ದು ಕಂಪ್ಯೂಟರ್‌ಗಳಿಗಿಂತ ಮೊದಲು. ಮದುವೆಯಾದ ಹೊಸತರಲ್ಲಿ ಅವಳು ಇದೇ ನೆಲಮಾಳಿಗೆಯ ಕಡತದ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದಳು. ರೋಗಿಗಳ ಫೈಲು, ಎಕ್ಸ್‌ರೇ ಹಾಳೆ, ಹೆರಿಗೆಯ ದಾಖಲೆ, ಎಲ್ಲವೂ ಅವಳ ಕಪಾಟುಗಳಲ್ಲಿ. ಡಾಕ್ಟರು ಮೇಲಿಂದ ಫೋನು ಮಾಡಿ ಅರ್ಧ ಹೆಸರು ಹೇಳಿದರೆ ಸಾಕು, ಇವಳು ಕಣ್ಣು ಮುಚ್ಚಿಕೊಂಡು ಹೋಗಿ ಫೈಲು ತರುತ್ತಿದ್ದಳು. ಕಾಗದ ಹೋಗಿ ಡಿಸ್ಕು ಬಂದಾಗ, ಜೊತೆಯವರೆಲ್ಲ ಬೇರೆ ವಿಭಾಗಗಳಿಗೆ ಹೊರಟರು. ಇವಳೊಬ್ಬಳು ಮಾತ್ರ, ಸಾಮಾನು ಇದ್ದಲ್ಲಿ ಉಗ್ರಾಣ ಇದ್ದೇ ಇರಬೇಕಲ್ಲ ಎಂದು ಅಲ್ಲೇ ಉಳಿದಳು. ಮೂವತ್ತೈದು ದಾಟಿದ ಮೇಲೆ ಪುಸ್ತಕ ಹಿಡಿದು ಸರ್ವರ್, ಸ್ವಿಚ್, ಸ್ಟೋರೇಜ್ ಎಲ್ಲ ಕಲಿತಳು. ಹೆಸರಿನ ಮೇಲೆ ಅವಳಿಗೆ ಎಷ್ಟು ಅಭಿಮಾನವೆಂದರೆ, ಯಂತ್ರಗಳೊಳಗೆ ಹೋಗುವ ತನ್ನ ಲಾಗಿನ್ನಿಗೂ 'ಉಗ್ರಾಣ' ಎಂದೇ ಇಟ್ಟುಕೊಂಡಿದ್ದಳು.

ಗಂಡ ಲಿಫ್ಟು ರಿಪೇರಿಯವನು. ಊರಿನ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆಲ್ಲ ಹತ್ತಿ ಇಳಿದವನು. ಮನೆಯಲ್ಲಿ ಅತ್ತೆ. ಎಂಬತ್ತರ ಹತ್ತಿರದ ಮುದುಕಿ, ಕಿವಿ ಮಂದ, ನಾಲಿಗೆ ಮಾತ್ರ ಚುರುಕು.

"ಅಲ್ಲಮ್ಮಾ, ದಿನಾ ಹೋಗ್ತೀಯ, ಬರ್ತೀಯ. ಅಲ್ಲಿ ಏನ್ ಮಾಡ್ತೀಯ ಅಂತ ಇವತ್ತಾದ್ರೂ ಹೇಳು," ಎಂದು ಅತ್ತೆ ಒಂದು ಭಾನುವಾರ ಕೇಳಿದರು.

"ಆಸ್ಪತ್ರೇಲಿ ಹನ್ನೊಂದು ದೊಡ್ಡ ಕಂಪ್ಯೂಟರ್ ಕೆಲಸ ಮಾಡ್ತವೆ ಅತ್ತೆ. ಚೀಟಿ ಕೊಡೋದಕ್ಕೊಂದು, ರಕ್ತಪರೀಕ್ಷೆಗೊಂದು, ಔಷಧಿಗೊಂದು, ಹೀಗೆ. ಆದ್ರೆ ನಿಜವಾಗ್ಲೂ ಇರೋದು ಮೂರೇ ಡಬ್ಬ. ಆ ಮೂರರೊಳಗೆ ಹನ್ನೊಂದು ಇದ್ದ ಹಾಗೆ ನಡೀತಿರ್ತವೆ."

"ಇದ್ದ ಹಾಗೆ ಅಂದ್ರೆ? ಇವೆಯೋ, ಇಲ್ವೋ?"

"ಇವೆ. ಮುಟ್ಟೋಕಾಗಲ್ಲ ಅಷ್ಟೆ. ಅವುಗಳ ನೆನಪೆಲ್ಲ ಬೇರೆ ಒಂದು ಪೆಟ್ಟಿಗೇಲಿರುತ್ತೆ, ಮೂರು ಡಬ್ಬಕ್ಕೂ ಸೇರಿ ಒಂದೇ ಉಗ್ರಾಣ. ಒಂದು ಡಬ್ಬ ಕೆಟ್ಟು ಕೂತ್ರೆ ಅದರೊಳಗಿದ್ದವು ಎದ್ದು ಪಕ್ಕದ ಡಬ್ಬಕ್ಕೆ ಹೋಗ್ತವೆ. ನೆನಪು ಉಗ್ರಾಣದಲ್ಲೇ ಇರುತ್ತಲ್ಲ, ಏನೂ ಮರೆತಿರಲ್ಲ. ಆ ಉಗ್ರಾಣ ನೋಡ್ಕೊಳ್ಳೋಳು ನಾನು."

ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದರು. "ದೇಹ ಇಲ್ಲ. ನೆನಪು ಪಕ್ಕದ ಮನೇಲಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡ್ಕೊಂಡಿರ್ತವೆ. ಇದಕ್ಕೆ ನಮ್ಮ ಕಾಲದಲ್ಲಿ ದೆವ್ವ ಅಂತಿದ್ರು ಕಣಮ್ಮ."

ಗಂಡ ಬಾಯಲ್ಲಿದ್ದ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡ.

ಹಳೆಯ ಸ್ಟೋರೇಜ್ ಪೆಟ್ಟಿಗೆಗೆ ವಯಸ್ಸಾಗಿತ್ತು. ತಿಂಗಳಿಗೊಂದು ಡಿಸ್ಕು ಕಣ್ಣು ಮುಚ್ಚುತ್ತಿತ್ತು. ಕೊನೆಗೆ ಹೊಸದು ಬಂತು. ಇಬ್ಬರು ಹೊರುವಷ್ಟು ಭಾರದ, ಇಪ್ಪತ್ತನಾಲ್ಕು ಡಿಸ್ಕಿನ ಪೆಟ್ಟಿಗೆ. ಅದರ ಜೊತೆ ಮಾರಿದ ಕಂಪನಿಯ ಇಂಜಿನಿಯರೂ ಬಂದ. ನಲವತ್ತರ ಆಸುಪಾಸಿನ ಗಂಡಸು, ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡಾಡುವವನು. ಅವಳು ಮನಸ್ಸಿನಲ್ಲೇ ಅವನಿಗೆ ಅವಸರದಣ್ಣ ಎಂದು ಹೆಸರಿಟ್ಟಳು.

"ಎರಡೇ ದಿನದ ಕೆಲಸ ಅಕ್ಕ. ಪಟಪಟ ಅಂತ ಮುಗಿಸಿಬಿಡೋಣ."

"ಎರಡು ವಾರ ಅಂತ ಇಟ್ಕೊಳಿ," ಎಂದಳು ಅವಳು.

ಮೊದಲ ದಿನವೇ ಇಬ್ಬರಿಗೂ ಎಳೆದಾಟ. ಡಿಸ್ಕುಗಳನ್ನು ಗುಂಪು ಮಾಡಬೇಕಿತ್ತು. ಗುಂಪಿನಲ್ಲಿ ಒಂದು ಸತ್ತರೆ ತಡೆದುಕೊಳ್ಳುವಂತೆ ಮಾಡಿದರೆ ಜಾಗ ಹೆಚ್ಚು ಉಳಿಯುತ್ತದೆ ಎಂದ ಅವನು. ಎರಡು ಒಟ್ಟಿಗೆ ಸತ್ತರೂ ತಡೆದುಕೊಳ್ಳಬೇಕು ಎಂದಳು ಅವಳು.

"ಎರಡೆರಡು ಒಟ್ಟಿಗೆ ಯಾಕೆ ಸಾಯ್ತವೆ ಅಕ್ಕ?"

"ಎಲ್ಲ ಒಂದೇ ಕಾರ್ಖಾನೇಲಿ, ಒಂದೇ ವಾರ ಹುಟ್ಟಿರೋವು. ಒಂದು ಸತ್ತಾಗ ಉಳಿದವಕ್ಕೆ ಅದರ ಭಾರವೂ ಬೀಳುತ್ತೆ. ಆಗಲೇ ಇನ್ನೊಂದಕ್ಕೂ ಸಾಕಪ್ಪಾ ಅನ್ಸೋದು."

ಅವನು ನಕ್ಕು ಒಪ್ಪಿದ. ಹನ್ನೊಂದು ಹನ್ನೊಂದರ ಎರಡು ಗುಂಪು ಮಾಡಿದರು. ಉಳಿದ ಎರಡು ಡಿಸ್ಕು ಯಾರಾದರೂ ಬಿದ್ದರೆ ಅವರ ಜಾಗಕ್ಕೆ ನಿಲ್ಲಲು ಕಾದು ಕೂತವು. ಗುಂಪುಗಳನ್ನು ಕತ್ತರಿಸಿ ವಾಲ್ಯೂಮ್‌ಗಳನ್ನು ಮಾಡಿದರು. ಇದು ಕಡತದ ಕೋಣೆಯಲ್ಲಿ ಕಪಾಟು ಹಂಚುವಂಥದ್ದೇ ಕೆಲಸ: ಇಷ್ಟು ಜಾಗ ಔಷಧಿಯವರಿಗೆ, ಇಷ್ಟು ಎಕ್ಸ್‌ರೇಯವರಿಗೆ. ಯಾವ ವಾಲ್ಯೂಮ್ ಯಾವ ಸರ್ವರ್‌ನ, ಅಂದರೆ ಯಾವ ಡಬ್ಬದ, ಕಣ್ಣಿಗೆ ಬೀಳಬೇಕು ಎಂಬ ಪಟ್ಟಿಯನ್ನು ಅವಳು ತಾನೇ ಬೆರಳಿಟ್ಟು ಎರಡು ಸಲ ಓದಿದಳು. ಪಟ್ಟಿಯಲ್ಲಿ ಇಲ್ಲದ ಪರಕೀಯ ಸರ್ವರ್ ಒಂದಕ್ಕೆ ವಾಲ್ಯೂಮ್ ಕಂಡಿತೋ, ಅದು ಖಾಲಿ ಜಾಗವೆಂದು ತಿಳಿದು ತನ್ನ ಮೊಹರು ಒತ್ತಿಬಿಡುತ್ತದೆ. ಅಲ್ಲಿಗೆ ಒಳಗಿದ್ದದ್ದರ ಕಥೆ ಮುಗಿಯಿತು.

ಆಮೇಲೆ ದಾರಿಗಳು. ಪ್ರತಿ ಸರ್ವರ್‌ನಿಂದ ಉಗ್ರಾಣಕ್ಕೆ ಎರಡೆರಡು ಕೇಬಲ್, ಒಂದು ನೀಲಿ, ಒಂದು ಹಳದಿ, ಬೇರೆ ಬೇರೆ ಸ್ವಿಚ್ಚಿನ, ಅಂದರೆ ಕೇಬಲ್‌ಗಳು ಬಂದು ಕೂಡುವ ಪೆಟ್ಟಿಗೆಯ, ಮೂಲಕ. ಎಲ್ಲ ದೀಪಗಳೂ ಹಸಿರಾದವು, ಆದರೆ ಹಳದಿ ದಾರಿಯಲ್ಲಿ ಮಾತ್ರ ಮಾಹಿತಿ ಆಮೆಯಂತೆ ತೆವಳುತ್ತಿತ್ತು. ಅವಸರದಣ್ಣ ಕೇಬಲ್ ಬದಲಿಸಿದ, ಸ್ವಿಚ್ಚನ್ನು ಬೈದ, ತಲೆ ಮೇಲೆ ಕೈಹೊತ್ತು ಕೂತ. ಅವಳು ಕೇಬಲ್ ಸಿಕ್ಕಿಸುವ ಒಂದೊಂದೇ ತೂತನ್ನು ನೋಡುತ್ತ ಬಂದಳು. ದಾರಿಯುದ್ದಕ್ಕೂ ದೊಡ್ಡ ಮೂಟೆ ಹೋಗುವಂತೆ ಅಳತೆ ಬದಲಿಸಿದ್ದರು. ಸ್ವಿಚ್ಚಿನ ಒಂದೇ ಒಂದು ತೂತಿನಲ್ಲಿ ಹಳೆಯ ಸಣ್ಣ ಅಳತೆ ಉಳಿದುಬಿಟ್ಟಿತ್ತು. ಅದನ್ನು ಸರಿಪಡಿಸಿದ ಕೂಡಲೇ ಕಟ್ಟೆ ಒಡೆದ ಹಾಗೆ ಹರಿಯಿತು.

"ನಿಮಗೆ ಹೇಗೆ ಹೊಳೀತು?" ಎಂದ ಅವನು.

"ಹೊಳೀಲಿಲ್ಲ. ಹುಡುಕ್ದೆ."

ಶುಕ್ರವಾರ ಪರೀಕ್ಷೆ. ಒಂದು ಲೆಕ್ಕಕ್ಕಿಲ್ಲದ ಯಂತ್ರವನ್ನು ನಡೆಯಲು ಬಿಟ್ಟು, ಅದರ ಪರದೆಯ ಮೇಲೆ ಗಡಿಯಾರದ ಸೆಕೆಂಡುಗಳನ್ನು ಓಡಿಸಿದರು. ಅವಳು ನೀಲಿ ಕೇಬಲ್ ಹಿಡಿದು ಎಳೆದಳು. ಸೆಕೆಂಡು ನಿಂತಿತು. ಅವಸರದಣ್ಣ ಕಣ್ಣು ಮುಚ್ಚಿಕೊಂಡ. ಒಂದು, ಎರಡು, ಮೂರು... ನೀರಿನಲ್ಲಿ ಮುಳುಗಿದವರು ಉಸಿರು ಹಿಡಿದಂತೆ ಇಡೀ ಕೋಣೆ ಹಿಡಿದುಕೊಂಡಿತ್ತು. ಆಮೇಲೆ ಏನೂ ಆಗದ ಹಾಗೆ ಗಡಿಯಾರ ಹಳದಿ ದಾರಿಯಿಂದ ಮುಂದೆ ನಡೆಯಿತು.

ಮುಂದಿನ ವಾರ ಹನ್ನೊಂದು ಯಂತ್ರಗಳನ್ನು ಒಂದೊಂದಾಗಿ ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ಸಾಗಿಸಿದರು. ಯಾವುದನ್ನೂ ನಿಲ್ಲಿಸಲಿಲ್ಲ. ನಡೆಯುತ್ತಿರುವಂತೆಯೇ ಅವುಗಳ ನೆನಪು ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಹರಿದುಹೋಗುತ್ತಿತ್ತು. ಚೀಟಿ ಕೊಡುವ ಯಂತ್ರದ ಸರದಿ ಬಂದಾಗ ಬೆಳಿಗ್ಗೆ ಹತ್ತೂವರೆ. ಸಾಗಣೆ ಶುರು ಮಾಡಿ, ಪರದೆಯನ್ನು ಅವಸರದಣ್ಣನಿಗೆ ಒಪ್ಪಿಸಿ, ಅವಳು ಮೆಟ್ಟಿಲು ಹತ್ತಿ ಮೇಲಿನ ದೊಡ್ಡ ಹಾಲಿಗೆ ಹೋದಳು. ಯಾಕೆ ಹೋದೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಅದರಲ್ಲಿ ಧೂಳಿನ ಕಣಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಸಾಲಿನಲ್ಲಿ ಐವತ್ತು ಜನ. ಒಬ್ಬ ತಾಯಿ ಮಗುವಿನ ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತಿದ್ದಳು. ಕೈ ಮುರಿದ ಮುದುಕನೊಬ್ಬ ನಿಂತಲ್ಲೇ ತೂಕಡಿಸುತ್ತಿದ್ದ. ಗುಮಾಸ್ತೆ ಬೆರಳಾಡಿಸಿದಳು, ಚೀಟಿ ಬಂತು, ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವರು ನಿಂತ ನೆಲವನ್ನೇ ಯಾರೋ ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ. ಆ ಮಗುವಿನ ಹೆಸರಿನ ಮೊದಲ ಅಕ್ಷರ ಹಳೆಯ ಪೆಟ್ಟಿಗೆಯಲ್ಲೂ ಕೊನೆಯದು ಹೊಸದರಲ್ಲೂ ಬಿದ್ದಿರಬಹುದು ಅನಿಸಿ ಅವಳಿಗೆ ಕಾಲು ನೆಲಕ್ಕೆ ತಾಗದಂತಾಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಫೋನು ಗುನುಗಿತು: "ಮುಗೀತು ಅಕ್ಕ. ಕೆಳಗೆ ಬನ್ನಿ."

ಎಲ್ಲ ಸಾಗಿದ ಮೇಲೆ ಹಳೆಯ ಪೆಟ್ಟಿಗೆಯಲ್ಲಿ ಒಂದು ವಾಲ್ಯೂಮ್ ಉಳಿಯಿತು. ಹೆಸರು 'ತಾತ್ಕಾಲಿಕ-೭'. ಯಾವ ಸರ್ವರ್‌ಗೂ ಜೋಡಿಸಿರಲಿಲ್ಲ. ಆರು ವರ್ಷದಿಂದ ಯಾರೂ ಅದನ್ನು ಓದಿರಲಿಲ್ಲ, ಬರೆದಿರಲಿಲ್ಲ.

"ಒಂದರಿಂದ ಆರು ಎಲ್ಲಿ?" ಎಂದ ಅವಸರದಣ್ಣ.

"ಅವು ನಿಜವಾಗ್ಲೂ ತಾತ್ಕಾಲಿಕ ಆಗಿದ್ವೇನೋ."

"ಅಳಿಸಿಬಿಡಿ. ಹಳೇ ಪೆಟ್ಟಿಗೆ ನಾಡಿದ್ದು ಲಾರಿಗೆ ಹಾಕ್ಬೇಕು."

ಅಳಿಸಲು ಅಡ್ಡಿಯೇನೂ ಇರಲಿಲ್ಲ. ಎಲ್ಲ ವಿಭಾಗಗಳಿಗೂ ಪತ್ರ ಹೋಗಿತ್ತು. ಇದು ನಮ್ಮದು ಎಂದು ಯಾರೂ ಹೇಳಿರಲಿಲ್ಲ. ಆದರೆ ಕಡತದ ಕೋಣೆಯಲ್ಲಿ ಕಲಿತ ಒಂದು ಚಾಳಿ ಅವಳನ್ನು ಬಿಟ್ಟಿರಲಿಲ್ಲ. ಒಳಗೇನಿದೆ ಎಂದು ನೋಡದೆ ಅವಳು ಯಾವ ಕಾಗದವನ್ನೂ ಹರಿದವಳಲ್ಲ. ಓದಲು ಮಾತ್ರ ಬರುವಂತೆ, ಒಂದು ಚುಕ್ಕೆಯನ್ನೂ ಬರೆಯಲು ಆಗದಂತೆ ಬಿಗಿಮಾಡಿ ಆ ವಾಲ್ಯೂಮನ್ನು ಪರೀಕ್ಷೆಯ ಯಂತ್ರಕ್ಕೆ ಜೋಡಿಸಿದಳು. ಅವಸರದಣ್ಣ ಊಟಕ್ಕೆ ಹೋದ.

ಒಳಗೆ ನಾನೂರ ಹನ್ನೆರಡು ಧ್ವನಿ ಫೈಲುಗಳಿದ್ದವು. ಹೆಸರಿಲ್ಲ, ಬರಿಯ ಸಂಖ್ಯೆ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಡುವಿನದೊಂದನ್ನು ತೆರೆದಳು.

ಗಂಟಲು ಸರಿಪಡಿಸಿಕೊಂಡ ಸದ್ದು. ಆಮೇಲೆ ಗಂಡಸಿನ ಒರಟು ದನಿ: "ಒಂದು. ಎರಡು. ಮೂರು. ನಾಲ್ಕು..." ಇಪ್ಪತ್ತರವರೆಗೆ ಎಣಿಸಿತು. ವಾರದ ದಿನಗಳನ್ನು ಹೇಳಿತು. ಆಮೇಲೆ ದೂರದಿಂದ ಒಂದು ಹೆಣ್ಣುದನಿ, "ಈಗ ನಿಮಗೆ ಏನು ಅನ್ಸುತ್ತೋ ಅದನ್ನ ಹೇಳಿ," ಎಂದಿತು. ಒರಟು ದನಿ ತಡವರಿಸಿತು. "ಏನ್ ಹೇಳೋದು... ನಾಳೆ ಆಪರೇಷನ್ ಅಂತೆ. ಗಂಟಲಲ್ಲಿರೋ ಪೆಟ್ಟಿಗೆ ತೆಗೀತಾರಂತೆ. ಆಮೇಲೆ ಈ ದನಿ ಇರಲ್ವಂತೆ. ಮನೇಲಿ ಯಾರೂ ಅಳಬೇಡಿ. ಅಷ್ಟೆ. ಸಾಕಾ ಟೀಚರ್?"

ಅವಳು ಇನ್ನೊಂದು ತೆರೆದಳು. ಒಬ್ಬ ಹೆಂಗಸು ಇಪ್ಪತ್ತರವರೆಗೆ ಎಣಿಸಿ, ಮಗಳಿಗೆ ಜೋಗುಳ ಹಾಡಿದ್ದಳು, ನಡುವೆ ಪದ ಮರೆತು ನಕ್ಕಿದ್ದಳು. ಇನ್ನೊಂದು. ಮತ್ತೊಂದು. ತಣ್ಣನೆಯ ಕೋಣೆಯಲ್ಲಿ, ಯಂತ್ರಗಳ ಫ್ಯಾನುಗಳ ನೀರಿನಂಥ ಸದ್ದಿನ ಮೇಲೆ, ನಾನೂರ ಹನ್ನೆರಡು ಜನ ಕಾಯುತ್ತ ಕೂತಂತೆ ಅವಳಿಗೆ ತೋರಿತು. ತಾನು ನಡುವೆ ಕೂತಿದ್ದಾಳೆ, ಸುತ್ತ ಕತ್ತಲಲ್ಲ, ಬೆಳಕೂ ಅಲ್ಲ, ಒಂದು ನೀಲಿ. ಒಬ್ಬೊಬ್ಬರಾಗಿ ಎದ್ದು ನಿಂತು ಎಣಿಸಿ ಕೂರುತ್ತಿದ್ದಾರೆ.

ಟೀಚರ್ ಎಂದರೆ ಯಾರು ಎಂದು ಅವಳಿಗೆ ತಟ್ಟನೆ ನೆನಪಾಯಿತು. ಎರಡನೆಯ ಮಹಡಿಯಲ್ಲಿ ಮಾತಿನ ಕೋಣೆ ಅಂತ ಒಂದಿತ್ತು. ಗಂಟಲಿನ ಕಾಯಿಲೆಯವರಿಗೆ ಮತ್ತೆ ಮಾತು ಕಲಿಸುತ್ತಿದ್ದವರು ಅವರು. ಆರು ವರ್ಷದ ಹಿಂದೆ 'ಮಾತಿನ ಕೋಣೆಯದ್ದೆಲ್ಲ ಹೋಯಿತಂತೆ' ಎಂದು ಕಾರಿಡಾರಿನಲ್ಲಿ ಯಾರೋ ಹೇಳಿದ್ದು ಕೇಳಿದ್ದಳು. ಪಾಪ, ಡಿಸ್ಕು ಕೆಟ್ಟಿರಬೇಕು ಎಂದುಕೊಂಡಿದ್ದಳು.

ಸ್ಟೋರೇಜ್ ಪೆಟ್ಟಿಗೆ ಮಾಡಿದ ಎಲ್ಲ ಕೆಲಸವನ್ನೂ ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಅವಳು ಆರು ವರ್ಷ ಹಿಂದಕ್ಕೆ ಹೋದಳು. ಒಂದು ಶುಕ್ರವಾರ, ಮಧ್ಯಾಹ್ನ ಎರಡು ಇಪ್ಪತ್ತು. 'ಮಾತಿನ ಕೋಣೆ' ಎಂಬ ವಾಲ್ಯೂಮನ್ನು ಹಳೆಯ ಸರ್ವರ್‌ನಿಂದ ಬೇರ್ಪಡಿಸಲಾಗಿದೆ. ಎರಡು ಇಪ್ಪತ್ತೊಂದು. ಹೆಸರು 'ತಾತ್ಕಾಲಿಕ-೭' ಎಂದು ಬದಲಾಗಿದೆ. ಮಾಡಿದವರು: ಉಗ್ರಾಣ.

ಉಗ್ರಾಣ, ಅವಳದೇ ಲಾಗಿನ್ನು.

ಆ ದಿನ ಪೂರ್ತಿ ಕಣ್ಣ ಮುಂದೆ ಬಂತು. ಹೊಸ ಸರ್ವರ್‌ಗಳು ಬಂದ ವಾರ. ಹಳೆಯದರಿಂದ ಬಿಡಿಸಿ, ಗೊಂದಲ ಆಗದಿರಲಿ ಎಂದು ಹೆಸರು ಬದಲಿಸಿ, ಸೋಮವಾರ ಹೊಸದಕ್ಕೆ ಜೋಡಿಸಿದರಾಯಿತು ಎಂದುಕೊಂಡಿದ್ದಳು. ಶನಿವಾರ ಬೆಳಿಗ್ಗೆ ಅಪ್ಪನಿಗೆ ಹುಷಾರಿಲ್ಲವೆಂದು ಫೋನು. ಭಾನುವಾರ ಅಪ್ಪ ಇರಲಿಲ್ಲ. ಹದಿನೈದು ದಿನ ಕಳೆದು ಕೆಲಸಕ್ಕೆ ಬಂದಾಗ ತಲೆಯಲ್ಲಿ ಮಂಜು ಕವಿದಿತ್ತು. ಅವಳಿಲ್ಲದಾಗ ಜಾಗ ನೋಡಿಕೊಂಡವನು, ಮಾತಿನ ಕೋಣೆಯ ಯಂತ್ರ ಏಳದಿದ್ದುದನ್ನು ಕಂಡು, ಡಿಸ್ಕು ಹೋಗಿದೆ ಎಂದು ಟೀಚರಿಗೆ ಹೇಳಿಬಿಟ್ಟಿದ್ದ. ಮರುತಿಂಗಳೇ ಕೆಲಸ ಬಿಟ್ಟು ಹೊರಟುಹೋಗಿದ್ದ. ಧ್ವನಿ ಫೈಲುಗಳು ತುಂಬ ದೊಡ್ಡವು ಎಂದು ಅವುಗಳ ಪ್ರತಿಯನ್ನೂ ಬೇರೆಡೆ ಇಟ್ಟಿರಲಿಲ್ಲ. ಹೋಯಿತು ಎಂದಾಗ ಎಲ್ಲರೂ ಹೋಯಿತು ಎಂದೇ ನಂಬಿದರು. ಹೋಗಿರಲಿಲ್ಲ. ಇವಳ ಕಾಲಬುಡದಲ್ಲೇ, ಇವಳು ಊಟದ ಡಬ್ಬಿ ಬಿಚ್ಚುವ ಜಾಗದಿಂದ ನಾಲ್ಕು ಹೆಜ್ಜೆಯಲ್ಲಿ, ಬಾಗಿಲು ಮುಚ್ಚಿ ಕೂತಿತ್ತು.

ಸಂಜೆ ಮನೆಗೆ ಬಂದಾಗ ಗಂಡ ಹಜಾರದಲ್ಲಿ ಬೂಟಿನ ಗ್ರೀಸು ಒರೆಸುತ್ತಿದ್ದ. ಅವಳ ಮುಖ ನೋಡಿ ಬಟ್ಟೆ ಕೆಳಗಿಟ್ಟ. ಅವಳು ಎಲ್ಲ ಹೇಳಿದಳು.

"ನಿನ್ನ ಬಿಟ್ಟು ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಸಿಕ್ತು ಅಂತ ಕೊಟ್ಬಿಡು. ಹೇಗೆ ಕಳೀತು ಅಂತ ಯಾಕೆ ಹೇಳ್ತೀಯ?"

"ಆ ಟೀಚರ್ ಆರು ವರ್ಷ ಏನಂದ್ಕೊಂಡಿದ್ರೋ? ತನ್ನ ಕಂಪ್ಯೂಟರ್ರೇ ಕೆಟ್ಟಿದ್ದು, ತಾನೇ ಏನೋ ಒತ್ತಿಬಿಟ್ಟೆ ಅಂದ್ಕೊಂಡಿದ್ರೆ?"

ಗಂಡ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ. "ನಾನು ಒಂದ್ಸಲ ಲಿಫ್ಟಿನ ಬಾಗಿಲ ಬೋಲ್ಟು ಹಾಕೋದು ಮರ್ತು ಬಂದಿದ್ದೆ. ಅರ್ಧ ದಾರಿಲಿ ನೆನಪಾಗಿ ಓಡಿಹೋದೆ. ಯಾರಿಗೂ ಏನೂ ಆಗಿರ್ಲಿಲ್ಲ. ನಿಂಗೂ ಹೇಳಿರ್ಲಿಲ್ಲ." ಬೂಟು ಕೆಳಗಿಟ್ಟು, "ಹೋಗಿ ಹೇಳು. ಹೇಳ್ದಿದ್ರೆ ಅದು ಹೊಟ್ಟೇಲೇ ಕೂತಿರುತ್ತೆ," ಎಂದ.

ಮರುದಿನ ತನ್ನ ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಅವಳು ಲಾಗ್‌ನ ಹಾಳೆ ಇಟ್ಟಳು. ಅವರು ಕನ್ನಡಕ ಏರಿಸಿ ಓದಿ, ಇಳಿಸಿ ಅವಳನ್ನು ನೋಡಿದರು.

"ಆರು ವರ್ಷದ ಹಿಂದಿನದು. ಈಗ ಯಾಕಮ್ಮ ಕೆದಕೋದು? ಸಿಕ್ಕಿದೆ, ಸಂತೋಷ. ಹಾಳೆ ಒಳಗಿಡಿ."

"ಇದನ್ನ ಫೈಲಿಗೆ ಹಾಕಿ ಸರ್. ಮತ್ತೆ ಟೀಚರ ವಿಳಾಸ ಕೊಡಿ."

"ಫೈಲಿಗೆ ಹಾಕಿದ್ರೆ ನಿಮಗೊಂದು ನೋಟಿಸ್ ಕೊಡ್ಲೇಬೇಕಾಗುತ್ತೆ."

"ಕೊಡಿ ಸರ್."

ಟೀಚರ ಮನೆ ನದಿಯಾಚೆ, ಮೂರನೆಯ ಮಹಡಿಯಲ್ಲಿ. ಬಾಗಿಲು ತೆರೆದವರು ಸಣ್ಣ ದೇಹದ, ನೆಟ್ಟಗೆ ನಿಂತ ಮುದುಕಿ. ಕೋಣೆಯ ತುಂಬ ಕುಂಡಗಳು. ಮಧ್ಯಾಹ್ನದ ಬೆಳಕು ಎಲೆಗಳ ನಡುವೆ ಬಂದು ಗೋಡೆಯ ಮೇಲೆ ಹಸಿರಾಗಿ ಅಲುಗುತ್ತಿತ್ತು. ಅವಳು ಕುರ್ಚಿಯ ತುದಿಯಲ್ಲಿ ಕೂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ಮರೆತು, "ನಿಮ್ಮ ದನಿಗಳು ಸಿಕ್ಕಿವೆ ಟೀಚರ್. ಕಳೆದವಳು ನಾನೇ," ಎಂದಳು.

ಟೀಚರ್ ಎದ್ದು ಹೋಗಿ ಒಂದು ಕುಂಡಕ್ಕೆ ನೀರು ಹಾಕಿದರು. ತುಂಬಿ ತಟ್ಟೆಗೆ ಸುರಿದು ನೆಲಕ್ಕೆ ಹರಿದರೂ ಹಾಕುತ್ತಲೇ ಇದ್ದರು.

"ಎಷ್ಟಿವೆ?"

"ನಾನೂರ ಹನ್ನೆರಡು."

"ಎಲ್ಲಾನೂ." ಅವರು ಹೂಜಿಯನ್ನು ಕೆಳಗಿಟ್ಟರು. "ವಾರಕ್ಕೊಬ್ರಾದ್ರೂ ಬಂದು ಕೇಳ್ತಿದ್ರು ಕಣಮ್ಮ. ಬಾಯಲ್ಲಿ ಅಲ್ಲ, ಬರೆದು ತೋರಿಸಿ ಕೇಳ್ತಿದ್ರು. ಒಂದೇ ಒಂದ್ಸಲ ಕೇಳಿಸಿ ಟೀಚರ್, ಅಂತ. ಇಲ್ಲ ಅನ್ನೋಕೆ ಆಗದೆ, ರಿಟೈರ್ ಆಗೋಕೆ ಎರಡು ವರ್ಷ ಮುಂಚೆನೇ ಕೆಲಸ ಬಿಟ್ಟೆ ನಾನು."

"ನನ್ನ ಬೈದುಬಿಡಿ ಟೀಚರ್."

"ಬೈಯ್ತೀನಿ. ಇವತ್ತಲ್ಲ. ಇವತ್ತು ಆಗ್ತಿಲ್ಲ." ಅವರು ಕಪಾಟಿನಿಂದ ಒಂದು ದಪ್ಪ ನೋಟುಪುಸ್ತಕ ತೆಗೆದರು. ಒಂದೊಂದು ಸಂಖ್ಯೆಯ ಎದುರಿಗೂ ಒಂದೊಂದು ಹೆಸರು, ಮನೆಯ ವಿಳಾಸ, ಪೆನ್ಸಿಲಿನಲ್ಲಿ. "ದನಿ ಹೋದ್ಮೇಲೂ ಇದನ್ನ ಇಟ್ಕೊಂಡಿದ್ದೆ. ಯಾಕೆ ಅಂತ ನಮ್ಮ ತಂಗಿ ಕೇಳ್ತಿದ್ಲು. ಎಸೆಯೋಕೆ ಕೈ ಬರ್ಲಿಲ್ಲ."

ಹಳೆಯ ಪೆಟ್ಟಿಗೆಯ ಲಾರಿ ಮೂರು ದಿನ ತಡವಾಯಿತು. ಅವಸರದಣ್ಣ ಗೊಣಗಲಿಲ್ಲ, ಅವನೂ ಒಂದು ದನಿ ಕೇಳಿದ್ದ, ಆಮೇಲೆ ಮುಖ ತೊಳೆದು ಬರುತ್ತೇನೆಂದು ಹೋಗಿ ಅರ್ಧ ಗಂಟೆ ಬಂದಿರಲಿಲ್ಲ. ಹೊಸ ಪೆಟ್ಟಿಗೆಯಲ್ಲಿ ಒಂದು ವಾಲ್ಯೂಮ್ ಮಾಡಿದರು. ಅವಳು ಅದಕ್ಕೆ 'ಮಾತಿನ ಕೋಣೆ' ಎಂದು ಹೆಸರು ಬರೆದು, ಮೂರೂ ಸರ್ವರ್‌ಗಳ ಕಣ್ಣಿಗೆ ಬೀಳುವಂತೆ ಜೋಡಿಸಿ, ಈ ಸಲ ಪ್ರತಿಯನ್ನೂ ಬೇರೆ ಕಟ್ಟಡದಲ್ಲಿ ಇರಿಸುವಂತೆ ಮಾಡಿದಳು. ನಕಲು ಇಳಿಯಲು ನಾಲ್ಕು ಗಂಟೆ ಹಿಡಿಯಿತು. ಡಿಸ್ಕುಗಳ ಹಸಿರು ದೀಪಗಳು ಒಂದರ ಹಿಂದೊಂದು ಮಿನುಗುತ್ತಿದ್ದವು. ಎಣಿಸುತ್ತಿವೆ, ಎಂದುಕೊಂಡಳು ಅವಳು.

ಪತ್ರಗಳು ಹೋದವು. ಎಲ್ಲರೂ ಬರಲಿಲ್ಲ. ಕೆಲವರು ತೀರಿಕೊಂಡಿದ್ದರು, ಕೆಲವರು ಮನೆ ಬದಲಿಸಿದ್ದರು. ಒಬ್ಬರು 'ಬೇಡ, ಈಗಿನ ದನಿಗೆ ಒಗ್ಗಿಕೊಂಡಿದ್ದೇನೆ' ಎಂದು ಬರೆದರು. ಬಂದವರಿಗಾಗಿ ಮಂಗಳವಾರ ಟೀಚರ್ ಎರಡನೆಯ ಮಹಡಿಯ ಒಂದು ಚಿಕ್ಕ ಕೋಣೆಯಲ್ಲಿ ಕೂರತೊಡಗಿದರು. ಉಗ್ರಾಣದಕ್ಕ ಮೇಲೆ ಬಂದು ಯಂತ್ರ ನೋಡಿಕೊಳ್ಳುತ್ತಿದ್ದಳು.

ಮೊದಲ ಮಂಗಳವಾರ ಬಂದವನು ಕಟ್ಟಡದ ಮೇಸ್ತ್ರಿ. ಎತ್ತರದ ಆಳು, ಕುತ್ತಿಗೆಗೆ ಬಟ್ಟೆ ಸುತ್ತಿದ್ದ, ಜೊತೆಗೆ ಹೆಂಡತಿ. ಅವನ ಫೈಲಿನಲ್ಲಿ ಎಣಿಕೆ ಮುಗಿದ ಮೇಲೆ ಐದು ನಿಮಿಷ ಬೈಗುಳವೇ ಇತ್ತು: ಡಾಕ್ಟರಿಗೆ, ತಡವಾಗಿ ಬಂದ ಸಿಮೆಂಟಿಗೆ, ಆಸ್ಪತ್ರೆಯ ಹಾಸಿಗೆಗೆ. ಗೋಡೆ ನಡುಗುವಂಥ ಗಂಟಲು. ಕೇಳಿ ಮುಗಿದ ಮೇಲೆ ಅವನು ಚೀಟಿಯ ಮೇಲೆ ಬರೆದ: 'ನಾನು ಇಷ್ಟು ಜಗಳಗಂಟನಾಗಿದ್ದೆನಾ?'

ಹೆಂಡತಿ ಓದಿದಳು. "ಹೂಂ ಮತ್ತೆ! ಬೀದಿಗೆಲ್ಲ ಕೇಳ್ತಿತ್ತು," ಎಂದಳು. ನಗುತ್ತಿದ್ದಂತೆಯೇ ಅವಳ ಕಣ್ಣು ತುಂಬಿ ಹರಿಯಿತು. ಮೇಸ್ತ್ರಿ ಸದ್ದಿಲ್ಲದೆ, ಹೆಗಲು ಕುಲುಕಿಸಿ ನಕ್ಕ.

ನೋಟಿಸ್ ಬಂತು. ಅಜಾಗರೂಕತೆ ಎಂದು ಅವಳ ಕಡತದಲ್ಲಿ ಒಂದು ಸಾಲು ಸೇರಿತು. ಅವಳು ಸಹಿ ಹಾಕಿದಳು. ಮಾಲೀಕರ ಹೆಸರಿಲ್ಲದೆ ಯಾವ ವಾಲ್ಯೂಮನ್ನೂ ಇಡಬಾರದು ಎಂಬ ನಿಯಮವೂ ಬಂತು, ಅದನ್ನು ಬರೆದವಳೂ ಅವಳೇ. ಟೀಚರ್ ಒಂದು ದಿನ, ಯಾರೂ ಇಲ್ಲದಾಗ, ಹೇಳಿದಂತೆಯೇ ಅವಳನ್ನು ಬೈದರು. ಮೆಲ್ಲಗೆ, ಒಂದೊಂದು ಪದವನ್ನೂ ಸ್ಪಷ್ಟವಾಗಿ ಉಚ್ಚರಿಸಿ, ಕಾಲು ಗಂಟೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮುಗಿದ ಮೇಲೆ ಇಬ್ಬರೂ ಕೆಳಗಿಳಿದು ಚಹಾ ಕುಡಿದರು.

ಹಾಗೇ ಮಳೆಗಾಲ ಬಂತು. ಒಂದು ಮಂಗಳವಾರ ಮಧ್ಯಾಹ್ನ, ಹೊರಗೆ ಮೋಡ ಕವಿದು ಕೋಣೆಯೆಲ್ಲ ನೀರೊಳಗಿನ ಬೆಳಕಿನಂತಾದ ಹೊತ್ತಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ಬಂದರು. ಗಂಡ ತೀರಿಕೊಂಡು ನಾಲ್ಕು ವರ್ಷ. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಕೊನೇಲಿ ನಿಮಗೆ ಅಂತ ಒಂದಷ್ಟು ಮಾತು ಹೇಳಿದ್ದಾರೆ," ಎಂದರು ಟೀಚರ್. "ಅಲ್ಲಿಂದ್ಲೇ ಹಾಕ್ಲಾ?"

"ಬೇಡಮ್ಮ, ಅದು ಇನ್ನೊಂದಿನ. ಮೊದ್ಲಿಂದ ಹಾಕಿ."

ದನಿ ಎಣಿಸಲು ತೊಡಗಿತು. ಅವಸರವಿಲ್ಲದ, ಸ್ವಲ್ಪ ನಿದ್ದೆಗಣ್ಣಿನ ದನಿ. ಏಳರ ಬಳಿ ಒಂದು ಸಣ್ಣ ಕೆಮ್ಮು. ಹನ್ನೊಂದರಲ್ಲಿ ಸ್ವಲ್ಪ ನಿಂತು ಮುಂದೆ ಹೋಯಿತು. ಆಕೆ ತಲೆಯಾಡಿಸುತ್ತ, ತುಟಿಯಲ್ಲೇ ಜೊತೆಗೂಡಿ ಎಣಿಸುತ್ತಿದ್ದರು. ಕಿಟಕಿಯ ಗಾಜಿನ ಮೇಲೆ ಹನಿಗಳು ಇಳಿಯುತ್ತಿದ್ದವು. ಇಪ್ಪತ್ತಾಯಿತು.

"ಇನ್ನೊಂದ್ಸಲ ಎಣಿಸ್ತಾರಾ?" ಎಂದು ಕೇಳಿದರು ಆಕೆ.

"ಎಣಿಸ್ತಾರೆ," ಎಂದು ಉಗ್ರಾಣದಕ್ಕ ಮತ್ತೆ ಮೊದಲಿನಿಂದ ಹಾಕಿದಳು.